ವಿಲ್ಫ್ರಿಡ್ ಲಾರಿಯರ್

ಮಕ್ಕಳೇ, ಕೆನಡಾ ದೇಶದಲ್ಲಿ ಇಂಗ್ಲಿಷ್ ಮತ್ತು ಫ್ರೆಂಚ್ ಮುಖ್ಯ ಭಾಷೆಗಳು. ಲಾರಿಯರ್ 1841ರಲ್ಲಿ ಅಲ್ಲಿನ ಕ್ವಿಬೆಕ್ ಪ್ರಾಂತದಲ್ಲಿ ಹುಟ್ಟಿದರು. ಅವರ ಮನೆಮಾತು ಫ್ರೆಂಚ್. ನಿಮ್ಮಷ್ಟು ಚಿಕ್ಕವರಿದ್ದಾಗಲೇ ಇಂಗ್ಲಿಷ್ ಕಲಿಯಲು ತಂದೆ ಅವರನ್ನು ನೆರೆಯೂರಿಗೆ ಕಳುಹಿಸಿದರು.

ಮುಂದೆ ಅವರು ವಕೀಲರಾದರು. 1887ರಲ್ಲಿ ಲಿಬರಲ್ ಪಕ್ಷದ ನಾಯಕರಾದರು. 1896ರಲ್ಲಿ ಪ್ರಧಾನಿಯಾದರು. ಫ್ರೆಂಚ್ ಮನೆಮಾತಿನವರು ಆ ಪದವಿಗೇರಿದ್ದು ಅದೇ ಮೊದಲು. ಎರಡು ಭಾಷೆಯವರಲ್ಲಿ ಮನಸ್ತಾಪ ಬಂದಾಗ ಇಬ್ಬರೂ ಒಪ್ಪುವ ದಾರಿಯನ್ನು ಹುಡುಕಿದರು.

1917ರಲ್ಲಿ ಮಹಾಯುದ್ಧ ನಡೆಯುತ್ತಿತ್ತು. ಯುವಕರನ್ನು ಕಡ್ಡಾಯವಾಗಿ ಸೈನ್ಯಕ್ಕೆ ಸೇರಿಸುವ ಕಾನೂನು ಬಂತು. ಕ್ವಿಬೆಕ್ ಜನರು ಅದನ್ನು ವಿರೋಧಿಸಿದರು. ಲಾರಿಯರ್ ಅವರೂ ಒಪ್ಪಲಿಲ್ಲ. ಆಗ ಪಕ್ಷದ ಅನೇಕ ಇಂಗ್ಲಿಷ್ ಗೆಳೆಯರು ಅವರನ್ನು ಬಿಟ್ಟುಹೋದರು. ಚುನಾವಣೆಯಲ್ಲಿ ಸೋಲಾಯಿತು. ಆದರೂ 1919ರಲ್ಲಿ ತೀರಿಕೊಳ್ಳುವವರೆಗೆ ಒಡೆದ ಪಕ್ಷವನ್ನು ಕೂಡಿಸಲು ಶ್ರಮಿಸಿದರು.

ನಿಮ್ಮ ಊರಿನಲ್ಲಿ ಬೇರೆ ಮನೆಮಾತಿನ ಗೆಳೆಯರಿದ್ದಾರೆಯೇ? ಅವರ ಭಾಷೆಯ ನಾಲ್ಕು ಮಾತು ನೀವೂ ಕಲಿಯಿರಿ.