ರಾಣಿ ಕ್ಯಾಥರೀನಳ ಬೆಳ್ಳಿಯ ಪದಕ

ನಮ್ಮ ಕೊಳ್ಳೇಗಾಲದ ಮನೆಗಳಲ್ಲಿ ಮದುವೆಯ ನೆನಪಿಗೆ ರೇಷ್ಮೆಯ ಸೀರೆಯನ್ನು ಜೋಪಾನವಾಗಿಡುವಂತೆ, ಹಿಂದೆ ಯೂರೋಪಿನ ಅರಸುಮನೆತನಗಳು ಬೆಳ್ಳಿಯ ಪದಕಗಳನ್ನು ಅಚ್ಚೊತ್ತಿಸುತ್ತಿದ್ದವು. 1638ರಲ್ಲಿ ಜನಿಸಿದ ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರೀನಳು 1662ರಲ್ಲಿ ಇಂಗ್ಲೆಂಡಿನ ದೊರೆ ಎರಡನೆಯ ಚಾರಲ್ಸನನ್ನು ವರಿಸಿದಳು. ಬೊಂಬಾಯಿ ದ್ವೀಪವು ಆಕೆಯ ವರದಕ್ಷಿಣೆಯಲ್ಲಿ ಸೇರಿದ್ದಿತು. ಆ ವರ್ಷದ ಪದಕವೊಂದರಲ್ಲಿ ಒಂದು ಕಡೆ ರಾಣಿಯ ಮುಖವೂ ಇನ್ನೊಂದು ಕಡೆ ಅದೇ ಹೆಸರಿನ ಸಂತಳ ರೂಪವೂ ಇರುವುವು. ಆದರೆ ಆಕೆಗೆ ಮಕ್ಕಳಾಗಲಿಲ್ಲ. ಪತಿಯ ಮನಸ್ಸು ಅನ್ಯರಲ್ಲಿದ್ದಿತು. 1678ರಲ್ಲಿ ದೊರೆಗೆ ವಿಷವಿಕ್ಕಲು ಹೊಂಚಿದಳೆಂಬ ಸುಳ್ಳು ಅಪವಾದವೂ ಬಂದಿತು. ಆಗ ದೊರೆಯೇ ಆಕೆಯನ್ನು ಕಾಪಾಡಿದನು. 1685ರಲ್ಲಿ ವಿಧವೆಯಾದ ಆಕೆಯು ಕಾಲಾನಂತರ ತೌರುನಾಡಿಗೆ ಮರಳಿ, ತಮ್ಮನ ಬದಲು ರಾಜ್ಯಭಾರವನ್ನು ನಡೆಯಿಸಿ, 1705ರಲ್ಲಿ ಲಿಸ್ಬನ್ನಿನಲ್ಲಿ ತೀರಿಕೊಂಡಳು. ಪದಕದಲ್ಲಿ ಕಾಣುವವಳು ಮದುವಣಗಿತ್ತಿ ಮಾತ್ರ. ತಾಳಿ ಬಾಳಿ ನಾಡನ್ನಾಳಿದವಳನ್ನು ಆಕೆಯ ಚರಿತ್ರೆಯಲ್ಲಿಯೇ ಕಾಣಬೇಕು.