ಉಣ್ಣೆ ಬಾಚುವವನ ಗ್ರಹಮಂಡಲ

ಹಾಲೆಂಡಿನ ಉತ್ತರಕ್ಕೆ, ಸಮುದ್ರಕ್ಕೆ ಒಡ್ಡು ಕಟ್ಟಿ ಉಳಿಸಿಕೊಂಡ ನೆಲದಲ್ಲಿ, ಫ್ರೀಸ್‌ಲ್ಯಾಂಡ್ ಎಂಬ ಪ್ರಾಂತವಿದೆ. ಗುಡ್ಡವಿಲ್ಲ, ಬೆಟ್ಟವಿಲ್ಲ, ಕಣ್ಣು ಹಾಯಿಸಿದತ್ತ ಹುಲ್ಲುಗಾವಲು, ಕಾಲುವೆ, ದನ, ಕುರಿ. ನೆಲ ಇಷ್ಟೊಂದು ಚಪ್ಪಟೆಯಾಗಿರುವೆಡೆ ಮನುಷ್ಯನ ಕಣ್ಣಿಗೆ ಆಕಾಶವೇ ದೊಡ್ಡದಾಗಿ ಕಾಣುವುದು ಸಹಜ. ಆ ಪ್ರಾಂತದ ಫ್ರಾನೆಕರ್ ಎಂಬ ಚಿಕ್ಕ ಪಟ್ಟಣದಲ್ಲಿ, ಕಾಲುವೆಯ ದಡದ ಒಂದು ಸಾಧಾರಣ ಮನೆಯ ನಡುಮನೆಯ ಸೂರಿನಲ್ಲಿ 1781ರಲ್ಲಿ ಸಿದ್ಧವಾದ ಗ್ರಹಮಂಡಲವೊಂದು ಇಂದೂ ತಿರುಗುತ್ತಿದೆ. ಜಗತ್ತಿನಲ್ಲಿ ಈಗಲೂ ಕೆಲಸ ಮಾಡುತ್ತಿರುವ ತಾರಾಲಯಗಳಲ್ಲೆಲ್ಲ ಅತ್ಯಂತ ಹಳೆಯದು ಅದೇ. ಕಟ್ಟಿದವನು ವಿಶ್ವವಿದ್ಯಾನಿಲಯದ ಪಂಡಿತನಲ್ಲ, ರಾಜಾಶ್ರಯ ಪಡೆದ ಯಂತ್ರಶಿಲ್ಪಿಯೂ ಅಲ್ಲ. ಉಣ್ಣೆ ಬಾಚಿ ಸಂಸಾರ ಸಾಗಿಸುತ್ತಿದ್ದ ಒಬ್ಬ ಗೃಹಸ್ಥ. ಅವನ ಹೆಸರು ಐಸೆ ಐಸಿಂಗಾ.

ತಾರಾಲಯ ಎಂಬ ಮಾತನ್ನು ಇಲ್ಲಿ ಬಳಸಲು ನನಗೆ ಸ್ವಲ್ಪ ಸಂಕೋಚವಿದೆ. ಭಾಷೆ ಕಲಿಸುವವನ ರೋಗವೆಂದು ವಾಚಕರು ಕ್ಷಮಿಸಬೇಕು. ಐಸಿಂಗಾ ತೋರಿಸಹೊರಟದ್ದು ತಾರೆಗಳನ್ನಲ್ಲ, ಗ್ರಹಗಳನ್ನು. ಪ್ಲಾನೆಟೇರಿಯಮ್ ಎಂಬ ಪದದಲ್ಲಿಯೂ ಇರುವುದು ಗ್ರಹವೇ. ಕತ್ತಲು ತುಂಬಿದ ಗುಮ್ಮಟದೊಳಗೆ ಬೆಳಕಿನಿಂದ ಸಾವಿರಾರು ನಕ್ಷತ್ರಗಳನ್ನು ಮೂಡಿಸುವ ಉಪಾಯ ಹುಟ್ಟಿದ್ದು ಬಹಳ ಈಚೆಗೆ. ಜರ್ಮನಿಯ ಮ್ಯೂನಿಕ್‌ನಲ್ಲಿ 1923ರಲ್ಲಿ ಅದರ ಮೊದಲ ಪ್ರದರ್ಶನವಾಯಿತು. ಕನ್ನಡದ ತಾರಾಲಯ ಈ ಹೊಸದಕ್ಕೆ ಒಪ್ಪುವ ಹೆಸರು. ಐಸಿಂಗಾನ ಮನೆಯನ್ನು ಗ್ರಹಾಲಯವೆನ್ನುವುದೇ ಸರಿಯೇನೋ.

ಅವನು ಹುಟ್ಟಿದ್ದು 1744ರ ಫೆಬ್ರವರಿ 21ರಂದು, ಫ್ರಾನೆಕರಿಗೆ ಸಮೀಪದ ಡ್ರೋನ್‌ರೈಪ್ ಎಂಬ ಹಳ್ಳಿಯಲ್ಲಿ. ತಂದೆ ಯೆಲ್ಟೆ ಉಣ್ಣೆ ಬಾಚುವವನು. ಕತ್ತರಿಸಿ ತಂದ ಉಣ್ಣೆಯನ್ನು ತೊಳೆದು, ಕಬ್ಬಿಣದ ಹಲ್ಲುಗಳ ಬಾಚಣಿಗೆಯಲ್ಲಿ ಹಿಕ್ಕಿ, ಎಳೆಗಳನ್ನು ಒಂದೇ ದಿಕ್ಕಿಗೆ ಮಲಗಿಸಿ ನೂಲುವವರ ಕೈಗೆ ಕೊಡುವುದು ಆ ಕಸುಬು. ನಮ್ಮಲ್ಲಿ ಕಂಬಳಿ ನೇಯುವವರ ಮನೆಗಳನ್ನು ಕಂಡವರಿಗೆ ಅದರ ಶ್ರಮದ ಅಂದಾಜು ಸಿಕ್ಕೀತು. ಹುಡುಗನಿಗೆ ಲಭಿಸಿದ್ದು ಹಳ್ಳಿಯ ಪ್ರಾಥಮಿಕ ಶಾಲೆಯ ಓದು ಮಾತ್ರ. ಅನಂತರ ತಂದೆಯ ಕಸುಬೇ ಅವನ ಪಾಲಿಗೆ ಬಂತು. ಫ್ರಾನೆಕರಿನಲ್ಲಿ 1585ರಲ್ಲಿ ಸ್ಥಾಪಿತವಾದ ಪ್ರಸಿದ್ಧ ವಿಶ್ವವಿದ್ಯಾನಿಲಯವಿತ್ತು. ಆದರೆ ಅದರ ಬಾಗಿಲು ಉಣ್ಣೆ ಬಾಚುವವನ ಮಗನಿಗಾಗಿ ತೆರೆದಿರಲಿಲ್ಲ. ಅವನು ಗಣಿತ ಕಲಿಯಲು ಆ ಪಟ್ಟಣಕ್ಕೆ ನಡೆದುಹೋಗುತ್ತಿದ್ದುದು ನಿಜ. ಹೋಗುತ್ತಿದ್ದುದು ಮಾತ್ರ ಪ್ರಾಧ್ಯಾಪಕರಲ್ಲಿಗಲ್ಲ, ಉಣ್ಣೆಗೆ ಬಣ್ಣ ಹಾಕುತ್ತಿದ್ದ ಒಬ್ಬ ಕಸುಬುದಾರನಲ್ಲಿಗೆ. ಯೂಕ್ಲಿಡನ ರೇಖಾಗಣಿತ ಅವನಿಗೆ ದೊರೆತದ್ದು ಆ ಬಣ್ಣಗಾರನಿಂದ. ಹದಿಹರೆಯದಲ್ಲಿಯೇ ಅವನು ಗಣಿತವನ್ನು ಕುರಿತು ನೂರಾರು ಪುಟಗಳ ಹಸ್ತಪ್ರತಿಯೊಂದನ್ನು ಬರೆದ. ಗ್ರಹಣಗಳನ್ನು ತಾನೇ ಗಣಿಸುವಷ್ಟು ಪಳಗಿದ. 1768ರಲ್ಲಿ ಪೀಟ್ಯೆ ಯಾಕೊಬ್ಸ್ ಎಂಬವಳನ್ನು ಮದುವೆಯಾಗಿ ಫ್ರಾನೆಕರಿನಲ್ಲಿ ನೆಲೆಸಿದ. ಹಗಲು ಉಣ್ಣೆ, ಇರುಳು ಲೆಕ್ಕ. ಹೀಗೆಯೇ ಬದುಕು ಸಾಗಿದ್ದರೆ ಅವನ ಹೆಸರು ಇಂದು ಯಾರಿಗೂ ತಿಳಿಯುತ್ತಿರಲಿಲ್ಲ.

1774ರ ಮೇ 8ರ ಬೆಳಗಿನ ಜಾವ ಚಂದ್ರ, ಬುಧ, ಶುಕ್ರ, ಕುಜ, ಗುರು ಈ ಐದೂ ಮೇಷರಾಶಿಯಲ್ಲಿ ಒಟ್ಟುಗೂಡುವುದಿತ್ತು. ಬೋಜುಮ್ ಎಂಬ ಊರಿನ ಏಲ್ಕೊ ಆಲ್ಟಾ ಎಂಬ ಪಾದ್ರಿ, ತನ್ನ ಹೆಸರನ್ನು ಮುಚ್ಚಿಟ್ಟು, ಒಂದು ಕಿರುಹೊತ್ತಗೆಯನ್ನು ಅಚ್ಚು ಹಾಕಿಸಿದ. ಆ ಗ್ರಹಗಳು ಒಂದನ್ನೊಂದು ಸೆಳೆದು ಡಿಕ್ಕಿ ಹೊಡೆಯಬಹುದು. ಆ ಎಳೆದಾಟದಲ್ಲಿ ಭೂಮಿಯೂ ತನ್ನ ದಾರಿಯಿಂದ ಕಿತ್ತುಹೋಗಿ ಸೂರ್ಯನ ಬೆಂಕಿಗೆ ಬೀಳಬಹುದು ಎಂಬುದು ಅದರ ಸಾರಾಂಶ. ಜನ ದಿಗಿಲುಬಿದ್ದರು. ಅಧಿಕಾರಿಗಳು ಹೊತ್ತಗೆಯನ್ನು ಮುಟ್ಟುಗೋಲು ಹಾಕಿದರು. ನಿಷೇಧಿಸಿದ ಪುಸ್ತಕಕ್ಕೆ ಓದುಗರು ಹೆಚ್ಚಾಗುವುದು ಎಲ್ಲ ದೇಶಕಾಲಗಳಿಗೂ ಸಮಾನವಾದ ಸಂಗತಿ; ಸುದ್ದಿ ಬಾಯಿಂದ ಬಾಯಿಗೆ ಹಬ್ಬಿತು.

ಇದನ್ನೋದಿ ನಗುವ ಹಕ್ಕು ನಮಗೆ ಬಹಳವಿಲ್ಲ. ಸುಮಾರು ಎರಡು ಶತಮಾನಗಳ ಮೇಲೆ, 1962ರ ಫೆಬ್ರವರಿ ಮೊದಲ ವಾರದಲ್ಲಿ, ಮಕರರಾಶಿಯಲ್ಲಿ ಅಷ್ಟಗ್ರಹಕೂಟವಾದಾಗ ನಮ್ಮ ದೇಶದಲ್ಲಿ ನಡೆದದ್ದೇನು? ನಾನಿನ್ನೂ ಹುಟ್ಟಿರಲಿಲ್ಲ. ಆದರೆ ಹಿರಿಯರು ಹೇಳಿದ್ದನ್ನು ಕೇಳಿ ಬೆಳೆದಿದ್ದೇನೆ: ಪ್ರಯಾಣಗಳನ್ನು ಮುಂದಕ್ಕೆ ಹಾಕಿದ್ದು, ಊರೂರಲ್ಲಿ ಹೋಮ, ಭಜನೆ ನಡೆದದ್ದು, ಮಕ್ಕಳನ್ನು ಮನೆಯಿಂದ ಹೊರಗೆ ಬಿಡದೆ ಕೂರಿಸಿಕೊಂಡದ್ದು. ನಮ್ಮ ಅಜ್ಜಿಯಂತೂ ಆ ಕಥೆಯನ್ನು ಹೇಳುವಾಗ, ಪ್ರಳಯವಾಗಲಿಲ್ಲವೆಂದು ನಗುತ್ತಿರಲಿಲ್ಲ. ಹೋಮ ಮಾಡಿದ್ದರಿಂದಲೇ ತಪ್ಪಿತು ಎನ್ನುತ್ತಿದ್ದಳು.

ಅಜ್ಜಿಯ ಆ ಮಾತಿನಲ್ಲಿ ಒಂದು ವಿಷಯ ಅಡಗಿದೆ. 1774ರ ಮೇ 8 ಬಂತು, ಏನೂ ಆಗಲಿಲ್ಲ, ಮೇ 9ರಂದು ಫ್ರೀಸ್‌ಲ್ಯಾಂಡಿನ ದನಗಳು ಎಂದಿನಂತೆ ಮೇದವು. ಹೆದರಿದವರು ಹೆದರಿಕೆಯನ್ನು ಮರೆತರು. ಆದರೆ ಮರೆಯುವುದು ಬೇರೆ, ತಿಳಿಯುವುದು ಬೇರೆ. ಗಂಡಾಂತರದ ದಿನ ಸುಮ್ಮನೆ ಕಳೆದುಹೋದ ಮಾತ್ರಕ್ಕೆ ಗ್ರಹಗಳು ಏಕೆ ಡಿಕ್ಕಿ ಹೊಡೆಯಲಿಲ್ಲವೆಂಬುದು ಯಾರಿಗೂ ಅರ್ಥವಾಗುವುದಿಲ್ಲ. ಮುಂದಿನ ಹೊತ್ತಗೆಗೂ ಅದೇ ಜನ ಅಷ್ಟೇ ದಿಗಿಲಿನಿಂದ ಕಾದಿರುತ್ತಾರೆ. ಐಸಿಂಗಾ ಇದನ್ನು ಕಂಡುಕೊಂಡನೆಂದು ನಾನು ನಂಬುತ್ತೇನೆ. ಇಲ್ಲದಿದ್ದರೆ, ಒಂದೇ ದಿನದಲ್ಲಿ ಕರಗಿಹೋದ ಭಯಕ್ಕೆ ಉತ್ತರ ಕೊಡಲು ಏಳು ವರ್ಷ ದುಡಿಯುವುದಕ್ಕೆ ಬೇರೆ ಅರ್ಥವೇ ಇಲ್ಲ. ಅವನು ಪಾದ್ರಿಗೆ ಎದುರುಹೊತ್ತಗೆ ಬರೆಯಲಿಲ್ಲ. ಗ್ರಹಗಳು ಒಂದೇ ದಿಕ್ಕಿನಲ್ಲಿ ಕಂಡರೂ ಒಂದರಿಂದೊಂದು ಎಷ್ಟು ದೂರದಲ್ಲಿ, ತಮ್ಮತಮ್ಮ ದಾರಿಯಲ್ಲಿ ಸಾಗುತ್ತಿರುತ್ತವೆ ಎಂಬುದನ್ನು ಅಕ್ಷರ ಬಾರದವನೂ ಕತ್ತೆತ್ತಿ ನೋಡಿ ತಿಳಿಯುವಂತೆ, ತನ್ನ ಮನೆಯ ಸೂರಿನಲ್ಲಿಯೇ ತೋರಿಸಲು ನಿಶ್ಚಯಿಸಿದ. ಏಳು ವರ್ಷದಲ್ಲಿ ಮುಗಿಸುವುದಾಗಿ ಹೊರಟವನು ಏಳು ವರ್ಷದಲ್ಲಿಯೇ ಮುಗಿಸಿದ.

ಅಳತೆಯನ್ನು ಮಾತ್ರ ಅವನು ಎಂಥ ಸರಳತೆಯಿಂದ ಇಟ್ಟುಕೊಂಡಿದ್ದಾನೆ! ಇಂದಿನ ಮಾನದಲ್ಲಿ ಹೇಳುವುದಾದರೆ ಸೂರಿನ ಒಂದು ಮಿಲಿಮೀಟರು ಆಕಾಶದ ಹತ್ತು ಲಕ್ಷ ಕಿಲೋಮೀಟರಿಗೆ ಸಮ. ನಡುವೆ ಸೂರ್ಯ. ಅಲ್ಲಿಂದ ಸುಮಾರು 6 ಸೆಂಟಿಮೀಟರು ದೂರದಲ್ಲಿ ಬುಧ, 15 ಸೆಂಟಿಮೀಟರಿನಲ್ಲಿ ಚಂದ್ರಸಮೇತವಾದ ಭೂಮಿ, 78ರಲ್ಲಿ ಗುರು. ಶನಿಯಂತೂ 1 ಮೀಟರು 43 ಸೆಂಟಿಮೀಟರು ಆಚೆಗೆ. ಸೂರಿನ ಹಲಗೆಗಳಲ್ಲಿ ಒಂದರ ಹೊರಗೊಂದರಂತೆ ಸುತ್ತುಗಂಡಿಗಳನ್ನು ಕೊರೆದು, ಅವುಗಳ ಮೂಲಕ ಗ್ರಹಗಳ ಗುಂಡುಗಳನ್ನು ಇಳಿಬಿಟ್ಟ. ದೂರಗಳು ಸರಿಯಳತೆಯವು, ಗುಂಡುಗಳ ಗಾತ್ರ ಮಾತ್ರ ಕಣ್ಣಿಗೆ ಕಾಣಲೆಂದು ಹಿಗ್ಗಿಸಿದ್ದು. ಅದೇ ಅಳತೆಯಲ್ಲಿ ಮಾಡಿದ್ದರೆ ಸೂರ್ಯನೇ ಒಂದೂವರೆ ಮಿಲಿಮೀಟರಿಗೂ ಕಡಮೆಯ ಸಾಸಿವೆಯಾಗುತ್ತಿದ್ದ; ಭೂಮಿ ಕಾಣುತ್ತಲೇ ಇರಲಿಲ್ಲ.

ಯಂತ್ರವಿರುವುದು ಸೂರಿನ ಮೇಲಿನ ಅಟ್ಟದಲ್ಲಿ. ಹಲ್ಲುಗಾಲಿಗಳಿಗೆ ಲೋಹವನ್ನು ಎರಕ ಹೊಯ್ಯಿಸಲಿಲ್ಲ. ಮರದ ಬಳೆಗಳಲ್ಲಿ ಕೈಯಿಂದ ಬಡಿದು ಮಾಡಿದ ಸಾವಿರಾರು ಕಬ್ಬಿಣದ ಮೊಳೆಗಳನ್ನು ಸಮಾಂತರದಲ್ಲಿ ನೆಟ್ಟು, ಅವನ್ನೇ ಹಲ್ಲುಗಳನ್ನಾಗಿ ಮಾಡಿದ. ಕಬ್ಬಿಣದ ಹಲ್ಲುಗಳ ಬಾಚಣಿಗೆಯನ್ನು ಬಾಲ್ಯದಿಂದ ಹಿಡಿದ ಕೈಗೆ ಈ ಉಪಾಯ ಹೊಳೆದದ್ದು ಆಶ್ಚರ್ಯವೇ? ಇಡೀ ಗ್ರಹಮಂಡಲವನ್ನು ನಡೆಸುವುದು ಭಾರದ ಗುಂಡುಗಳನ್ನು ತೂಗಬಿಟ್ಟ ಒಂದೇ ಒಂದು ಲೋಲಕದ ಗಡಿಯಾರ. ಈ ಲೋಲಕವನ್ನು ಕುರಿತು ಒಂದು ಕಥೆ ಹೇಳುವರು. ಮಿನಿಟಿಗೆ 60 ಬಾರಿ ಬಡಿಯುವ ಲೋಲಕಕ್ಕೆ ಸುಮಾರು ಒಂದು ಮೀಟರು ಉದ್ದ ಬೇಕು. ಅಷ್ಟುದ್ದದ್ದು ತಾವು ಮಲಗುವ ಗೋಡೆಗೂಡಿನ ಮಂಚದೊಳಕ್ಕೆ ಇಳಿದು ತೂಗಾಡುವುದನ್ನು ಪೀಟ್ಯೆ ಒಪ್ಪಲಿಲ್ಲವಂತೆ. ಗಂಡ ಲೋಲಕವನ್ನು ಮೋಟುಗೊಳಿಸಿ, ಮಿನಿಟಿಗೆ 80 ಬಡಿತದ ಲೆಕ್ಕಕ್ಕೆ ಗಾಲಿಗಳನ್ನು ಹೊಂದಿಸಿಕೊಂಡ. ಇಂದೂ ಅದು ಮಿನಿಟಿಗೆ 80 ಬಾರಿಯೇ ಬಡಿಯುತ್ತದೆ. ಮನೆಯೊಡತಿಯ ಮಾತಿಗೆ ಸೌರವ್ಯೂಹ ತಲೆಬಾಗಿದ ಪ್ರಸಂಗ ಪುರಾಣಗಳಲ್ಲಿಯೂ ಅಪರೂಪ. ಮಂಚದ ಮೇಲ್ಗಡೆಯ ಹಲಗೆಗಳಲ್ಲಿ ವಾರ, ತಾರೀಖು, ಸೂರ್ಯೋದಯ, ಸೂರ್ಯಾಸ್ತ, ಚಂದ್ರನ ವೃದ್ಧಿಕ್ಷಯಗಳನ್ನು ತೋರಿಸುವ ಮುಳ್ಳುಗಳೂ ಫಲಕಗಳೂ ಇವೆ. ನಮ್ಮವರ ಭಾಷೆಯಲ್ಲಿ, ಗೋಡೆಗೆ ನೆಟ್ಟ ಪಂಚಾಂಗ.

ವಿಚಿತ್ರವೆಂದರೆ ಈ ಯಂತ್ರದಲ್ಲಿ ಏನೂ ಚಲಿಸುವಂತೆ ತೋರುವುದಿಲ್ಲ. ಭೂಮಿ ಸೂರ್ಯನನ್ನು ಸುತ್ತಲು ಒಂದು ವರ್ಷ ತೆಗೆದುಕೊಳ್ಳುತ್ತದೆ; ಗುರು ಸುಮಾರು 12 ವರ್ಷ; ಶನಿ 29 ವರ್ಷಕ್ಕೂ ಹೆಚ್ಚು. ಶಾಲೆಯ ಮಕ್ಕಳ ತಂಡ ಆ ಕೋಣೆಯಲ್ಲಿ ಅರ್ಧ ಗಂಟೆ ನಿಂತರೂ ಬುಧನಾದರೂ ಕದಲಿದ್ದು ಕಾಣದು. ನಾನು ಬೆಂಗಳೂರಿನ ತಾರಾಲಯಕ್ಕೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿದ್ದೇನೆ. 1989ರಲ್ಲಿ ತೆರೆದ ಆ ಗುಮ್ಮಟದಲ್ಲಿ ದೀಪಗಳು ಆರಿ ನಕ್ಷತ್ರಗಳು ಮೂಡಿದೊಡನೆ ಪಕ್ಕದ ಸಾಲುಗಳ ಶಾಲಾಮಕ್ಕಳೆಲ್ಲ ಒಂದೇ ದನಿಯಲ್ಲಿ ಉದ್ಗಾರ ತೆಗೆದರು. ಒಂದಿಡೀ ರಾತ್ರಿ ಕೆಲವು ನಿಮಿಷಗಳಲ್ಲಿ ತಲೆಯ ಮೇಲೆ ಉರುಳಿಹೋಯಿತು. ಅದರ ಸೊಗಸನ್ನು ನಾನು ಅಲ್ಲಗಳೆಯುವುದಿಲ್ಲ. ಆ ಉದ್ಗಾರದಿಂದಲೇ ಖಗೋಳಶಾಸ್ತ್ರಕ್ಕೆ ಒಲಿದ ಮಕ್ಕಳು ಇದ್ದಾರು. ಆದರೆ ಐಸಿಂಗಾನ ಸೂರು ಆ ಅವಸರವನ್ನು ಒಪ್ಪುವುದಿಲ್ಲ. ಅಲ್ಲಿ ಶನಿ ಒಂದು ಸುತ್ತು ಬರುವುದರೊಳಗೆ ನೋಡಲು ಬಂದ ಮಗು ತನ್ನ ಮಗುವನ್ನು ಕರೆತರುವ ವಯಸ್ಸಿಗೆ ಬಂದಿರುತ್ತದೆ. ಐಸಿಂಗಾ ಹೆದರಿದವರಿಗೆ ತೋರಿಸಬೇಕೆಂದಿದ್ದುದೂ ಈ ನಿಧಾನವನ್ನೇ ಅಲ್ಲವೆ?

ಕೆಲಸ ಮುಗಿಯುವ ಮೊದಲೇ ಫ್ರಾನೆಕರಿನ ಪ್ರಾಧ್ಯಾಪಕ ಯಾನ್ ಹೆಂಡ್ರಿಕ್ ವಾನ್ ಸ್ವಿಂಡೆನ್ ಬಂದು ನೋಡಿ ಬೆರಗಾಗಿ, 1780ರಲ್ಲಿ ಅದನ್ನು ವಿವರಿಸುವ ಪುಸ್ತಕವನ್ನೇ ಪ್ರಕಟಿಸಿದ. ವಿಶ್ವವಿದ್ಯಾನಿಲಯ ಕೊನೆಗೂ ಉಣ್ಣೆ ಬಾಚುವವನ ಬಾಗಿಲಿಗೆ ಬಂದಂತಾಯಿತು. ವಿಧಿಯ ಚೇಷ್ಟೆ ನೋಡಿ: ಯಂತ್ರ ಪೂರ್ಣವಾದ 1781ರಲ್ಲಿಯೇ, ಮಾರ್ಚ್ 13ರಂದು, ಇಂಗ್ಲೆಂಡಿನಲ್ಲಿ ವಿಲಿಯಮ್ ಹರ್ಷೆಲ್ ಯುರೇನಸ್ ಗ್ರಹವನ್ನು ಕಂಡುಹಿಡಿದ. ಐಸಿಂಗಾನ ಅಳತೆಯಲ್ಲಿ ಅದು ಸೂರ್ಯನಿಂದ ಸುಮಾರು 2 ಮೀಟರು 87 ಸೆಂಟಿಮೀಟರು ದೂರದಲ್ಲಿರಬೇಕು. ನಡುಮನೆಯಲ್ಲಿ ಅಷ್ಟು ಜಾಗವಿರಲಿಲ್ಲ. ಹೊಸ ಗ್ರಹ ಹೊರಗೇ ಉಳಿಯಿತು.

ಮುಂದಿನ ಕಥೆ ಆಕಾಶದ್ದಲ್ಲ, ನೆಲದ್ದು. ಆ ದಿನಗಳಲ್ಲಿ ಆ ದೇಶ ಆರೆಂಜ್ ಮನೆತನದ ಐದನೆಯ ವಿಲ್ಲೆಮ್‌ನ ಪಕ್ಷದವರೆಂದೂ ಅವನ ಅಧಿಕಾರವನ್ನು ಮೊಟಕುಗೊಳಿಸಬೇಕೆನ್ನುವ ದೇಶಭಕ್ತರೆಂದೂ ಎರಡಾಗಿ ಒಡೆದಿತ್ತು. ಪಟ್ಟಣದ ಆಡಳಿತದಲ್ಲಿ ಭಾಗಿಯಾಗಿದ್ದ ಐಸಿಂಗಾ ದೇಶಭಕ್ತರ ಪಕ್ಷದವನು. 1787ರಲ್ಲಿ ಪ್ರಷ್ಯದ ಸೈನ್ಯ ಬಂದು ವಿಲ್ಲೆಮ್‌ನ ಕೈಯನ್ನು ಬಲಪಡಿಸಿತು. ಐಸಿಂಗಾ ಮನೆಮಠ ಬಿಟ್ಟು ಜರ್ಮನಿಗೆ ಓಡಿಹೋಗಬೇಕಾಯಿತು. 1788ರಲ್ಲಿ, ಅವನು ಪರದೇಶದಲ್ಲಿದ್ದಾಗಲೇ, ಪೀಟ್ಯೆ ತೀರಿಕೊಂಡಳು. ಯಾರ ಮಂಚದ ಸಲುವಾಗಿ ಲೋಲಕ ಮೋಟಾಗಿತ್ತೋ ಅವಳ ಕೊನೆಗಾಲಕ್ಕೆ ಅವನು ಒದಗಲಿಲ್ಲ. ಬಳಿಕ ಗ್ರೋನಿಂಗನ್ ಪ್ರಾಂತದ ವಿಸ್‌ಫ್ಲೀಟ್ ಎಂಬ ಹಳ್ಳಿಗೆ ಬಂದು ಮತ್ತೆ ಉಣ್ಣೆಯ ಬಾಚಣಿಗೆಯನ್ನು ಹಿಡಿದ. 1791ರಲ್ಲಿ ಅಲ್ಲಿಯೂ ಅವನನ್ನು ಬಂಧಿಸಿದರು. ವಿಚಾರಣೆ ನಡೆದು, ಐದು ವರ್ಷ ಫ್ರೀಸ್‌ಲ್ಯಾಂಡಿಗೆ ಕಾಲಿಡಕೂಡದೆಂದು ಗಡೀಪಾರಿನ ಶಿಕ್ಷೆಯಾಯಿತು. ಆ ಹಳ್ಳಿಯಲ್ಲಿ ಎರಡನೆಯ ಮದುವೆಯಾದ. ತಾನು ಕಟ್ಟಿದ ಆಕಾಶ ಕೆಲವೇ ಹರದಾರಿಗಳ ಆಚೆ, ಪರರ ವಶದಲ್ಲಿ. ತಾನು ಗಡಿಯ ಈಚೆ. ಆ ವರ್ಷಗಳಲ್ಲಿ ಅವನು ಇರುಳು ಹೊರಬಂದು ಗುರು ಶನಿಗಳನ್ನು ನೋಡಿದಾಗ ಏನನ್ನು ನೆನೆದಿರಬಹುದು? ಚರಿತ್ರೆ ಹೇಳುವುದಿಲ್ಲ, ಕಾದಂಬರಿಕಾರರಿಗೆ ಬಿಟ್ಟ ವಿಷಯ.

1795ರಲ್ಲಿ ಫ್ರೆಂಚರ ಬೆಂಬಲದಿಂದ ದೇಶಭಕ್ತರ ಕೈ ಮೇಲಾಯಿತು. ಮರುವರ್ಷ ಐಸಿಂಗಾ ಫ್ರಾನೆಕರಿಗೆ ಮರಳಿ ತನ್ನ ಯಂತ್ರವನ್ನು ಮತ್ತೆ ಕೈಗೆ ತೆಗೆದುಕೊಂಡ. ಅಲ್ಲಿಂದ ಮುಂದೆ ಕಾಲ ಅವನಿಗೆ ಒಲಿಯಿತು. ವಿಶ್ವವಿದ್ಯಾನಿಲಯಕ್ಕೆ ಆ ಅದೃಷ್ಟವಿರಲಿಲ್ಲ. 1811ರಲ್ಲಿ ನೆಪೋಲಿಯನ್ ಅದನ್ನು ಮುಚ್ಚಿಸಿದ. 1818ರಲ್ಲಿ ದೊರೆ ಒಂದನೆಯ ವಿಲ್ಲೆಮ್ ಈ ಮನೆಗೆ ಬಂದು ಸೂರನ್ನು ನೋಡಿದ. ಯಾರ ಅಧಿಕಾರವನ್ನು ಎದುರಿಸಿ ಐಸಿಂಗಾ ದೇಶ ಬಿಟ್ಟಿದ್ದನೋ ಆ ಐದನೆಯ ವಿಲ್ಲೆಮ್‌ನ ಮಗನೇ ಈ ದೊರೆ. 1825ರಲ್ಲಿ ಸರ್ಕಾರ 10,000 ಗಿಲ್ಡರು ಕೊಟ್ಟು ಮನೆಯನ್ನೂ ಯಂತ್ರವನ್ನೂ ಕೊಂಡುಕೊಂಡಿತು. ಬಾಡಿಗೆಯಿಲ್ಲದೆ ಅಲ್ಲಿಯೇ ವಾಸಿಸುವ ಹಕ್ಕನ್ನೂ, ಯಂತ್ರವನ್ನು ನೋಡಿಕೊಂಡು ಬಂದವರಿಗೆ ತೋರಿಸುವುದಕ್ಕಾಗಿ ವರ್ಷಕ್ಕೆ 200 ಗಿಲ್ಡರುಗಳನ್ನೂ ಮುದುಕನಿಗೆ ಕೊಟ್ಟಿತು. 1828ರ ಆಗಸ್ಟ್ 27ರಂದು, 84ನೆಯ ವಯಸ್ಸಿನಲ್ಲಿ, ಅವನು ತೀರಿಕೊಂಡ. ಮಗ ಆ ಕೆಲಸವನ್ನು ಮುಂದುವರಿಸಿದ. 1859ರಲ್ಲಿ ಸರ್ಕಾರ ಅದನ್ನು ಪಟ್ಟಣಕ್ಕೆ ದಾನವಾಗಿ ಕೊಟ್ಟಿತು. 2023ರಲ್ಲಿ ಯುನೆಸ್ಕೊ ಅದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಯಂತ್ರ ತಾನಾಗಿ ನಡೆದರೂ ಅದಕ್ಕೆ ಆಳು ಬೇಕೇ ಬೇಕು. ಐಸಿಂಗಾ ತನ್ನ ಮಕ್ಕಳಿಗಾಗಿ, ಅದನ್ನು ಹೇಗೆ ನೋಡಿಕೊಳ್ಳಬೇಕೆಂಬುದನ್ನು ವಿವರವಾಗಿ ಬರೆದಿಟ್ಟಿದ್ದ. ಲೋಲಕ ಒಂದೇ ಲೋಹದ್ದಾದ್ದರಿಂದ ಬೇಸಗೆಯಲ್ಲಿ ತುಸು ಹಿಗ್ಗಿ ನಿಧಾನವಾಗುತ್ತದೆ, ಚಳಿಯಲ್ಲಿ ಕುಗ್ಗಿ ಚುರುಕಾಗುತ್ತದೆ, ಆಗಾಗ ತಿದ್ದಬೇಕು. ಇಸವಿಯನ್ನು ತೋರಿಸುವ ಹಲಗೆಯ ಮೇಲೆ ಬಣ್ಣದಲ್ಲಿ ಬರೆದಿರುವುದು 22 ವರ್ಷಗಳ ಅಂಕಿಗಳನ್ನು ಮಾತ್ರ. ಅವು ಮುಗಿದಾಗ ಯಾರಾದರೂ ಹಲಗೆಯನ್ನು ಇಳಿಸಿ ಮುಂದಿನ 22ನ್ನು ಬರೆಯಬೇಕು. ಫೆಬ್ರವರಿ 29ಕ್ಕೆ ಯಂತ್ರದಲ್ಲಿ ಏರ್ಪಾಡಿಲ್ಲ. ನಾಲ್ಕು ವರ್ಷಕ್ಕೊಮ್ಮೆ ಆ ದಿನ ಬಂದಾಗ ಮೇಲ್ವಿಚಾರಕರು ಅದನ್ನು ಕೈಯಿಂದಲೇ ಸರಿಪಡಿಸುತ್ತಾರೆ.