ಸತುವಿನ ಬಿಲ್ಲೆ ಜೋಡಿಸಿದ ಅಲೆಸಾಂಡ್ರೊ ವೋಲ್ಟಾ

ದ್ವಿತೀಯ ಪಿಯುಸಿಯ ರಸಾಯನಶಾಸ್ತ್ರದಲ್ಲಿ ವಿದ್ಯುತ್ ಕೋಶಗಳ ಲೆಕ್ಕ ಮಾಡುವಾಗ ಉತ್ತರದ ಮುಂದೆ ವೋಲ್ಟ್ ಎಂದು ಬರೆಯದಿದ್ದರೆ ಅರ್ಧ ಅಂಕ ಹೋಗುತ್ತದೆ. ಆ ಹೆಸರಿನ ಹಿಂದಿರುವ ಮನುಷ್ಯ ನಾಲ್ಕು ವರ್ಷ ತುಂಬುವವರೆಗೂ ಮಾತೇ ಆಡಿರಲಿಲ್ಲವಂತೆ. ಮಗು ಮಂದಬುದ್ಧಿ ಎಂದು ಮನೆಯವರು ಕೈಚೆಲ್ಲಿದ್ದರು.

ಅಲೆಸಾಂಡ್ರೊ ವೋಲ್ಟಾ ಹುಟ್ಟಿದ್ದು 1745ರ ಫೆಬ್ರವರಿ 18ರಂದು, ಉತ್ತರ ಇಟಲಿಯ ಕೋಮೊ ಎಂಬ ಊರಿನಲ್ಲಿ. ಕೋಮೊ ಕೆರೆಯ ದಡದ ಊರು, ರೇಷ್ಮೆಗೆ ಹೆಸರಾದ ಊರು. ಕೋಲಾರ, ಶ್ರೀನಿವಾಸಪುರದ ಕಡೆ ಹಿಪ್ಪುನೇರಳೆ ತೋಟ ನೋಡಿ ಬೆಳೆದ ನಮಗೆ ಅದು ತೀರಾ ಅಪರಿಚಿತ ಊರೇನಲ್ಲ. ತಂದೆ ತೀರಿಕೊಂಡಾಗ ಹುಡುಗನಿಗೆ ಸುಮಾರು ಏಳು ವರ್ಷ. ಸಾಕಿದ ಚಿಕ್ಕಪ್ಪಂದಿರಿಗೆ ಅವನು ವಕೀಲನಾಗಬೇಕೆಂಬ ಆಸೆ, ಓದಿಸಿದ ಪಾದ್ರಿಗಳಿಗೆ ಅವನು ಪಾದ್ರಿಯಾಗಬೇಕೆಂಬ ಆಸೆ. ಅವನು ಎರಡೂ ಆಗಲಿಲ್ಲ. ಯಾವ ವಿಶ್ವವಿದ್ಯಾಲಯಕ್ಕೂ ಹೋಗದೆ, ಸಿಕ್ಕ ಪುಸ್ತಕ ಓದಿ, ದೂರದ ವಿದ್ವಾಂಸರಿಗೆ ಪತ್ರ ಬರೆದು ಭೌತಶಾಸ್ತ್ರ ಕಲಿತನು. ಪದವಿ ಇಲ್ಲದ ಈ ಮನುಷ್ಯ ಮುಂದೆ ಪಾವಿಯಾ ವಿಶ್ವವಿದ್ಯಾಲಯದಲ್ಲಿ ಸುಮಾರು ನಲವತ್ತು ವರ್ಷ ಪ್ರಾಧ್ಯಾಪಕರಾಗಿದ್ದರು.

1776ರಲ್ಲಿ ಅವರು ಮಜ್ಜೊರೆ ಸರೋವರದ ಜೌಗಿನಲ್ಲಿ ಕೋಲಿನಿಂದ ಕೆಸರು ಕೆದಕಿ, ಮೇಲೆದ್ದ ಗುಳ್ಳೆಗಳನ್ನು ಸೀಸೆಯಲ್ಲಿ ಹಿಡಿದರು. ಅದಕ್ಕೆ ಕಿಡಿ ತಗುಲಿಸಿದರೆ ಉರಿಯುತ್ತಿತ್ತು. ನಮ್ಮ ಹಳ್ಳಿಗಳ ಗೋಬರ್ ಗ್ಯಾಸಿನಲ್ಲಿ ಉರಿಯುವುದೂ ಅದೇ ಮೀಥೇನ್. ಮರುವರ್ಷ ಸ್ವಿಟ್ಜರ್ಲೆಂಡ್ ಕಡೆ ತಿರುಗಾಡಿ ಬಂದವರು ತಮ್ಮ ನಾಡಿಗೆ ಆಲೂಗಡ್ಡೆ ಬೆಳೆ ತಂದರೆಂದೂ ಹೇಳುತ್ತಾರೆ. ಮಾಲೂರಿನ ಗೆಳೆಯರು ಇದನ್ನು ನೆನಪಿಟ್ಟುಕೊಳ್ಳಲಿ.

ಅವರ ಬದುಕಿನ ದೊಡ್ಡ ಜಗಳ ಶುರುವಾಗಿದ್ದು ಒಂದು ಕಪ್ಪೆಯ ಕಾಲಿನಿಂದ. ಬೊಲೊನ್ಯಾದ ವೈದ್ಯ ಲುಯಿಜಿ ಗಾಲ್ವಾನಿ, ಸತ್ತ ಕಪ್ಪೆಯ ಕಾಲಿಗೆ ಎರಡು ಲೋಹ ತಾಗಿಸಿದರೆ ಅದು ಅದುರುತ್ತದೆ ಎಂದು 1791ರಲ್ಲಿ ಪ್ರಕಟಿಸಿದರು. ಪ್ರಾಣಿಯ ದೇಹದೊಳಗೇ ವಿದ್ಯುತ್ ಇದೆ ಎಂಬುದು ಅವರ ವಾದ. ವೋಲ್ಟಾ ಮೊದಲು ಒಪ್ಪಿದರು. ಆಮೇಲೆ ತಾವೇ ಪ್ರಯೋಗ ಮಾಡುತ್ತಾ ಹೋದಂತೆ ಅನುಮಾನ ಬಂತು. ಒಂದೇ ಲೋಹವಿದ್ದರೆ ಅದುರುವುದು ಕಡಿಮೆ, ಎರಡು ಬೇರೆ ಲೋಹಗಳಿದ್ದರೆ ಜೋರು. ಹಾಗಾದರೆ ವಿದ್ಯುತ್ತಿನ ಮೂಲ ಲೋಹಗಳಲ್ಲಿದೆ, ಕಪ್ಪೆ ಅದನ್ನು ತೋರಿಸುವ ಸಾಧನ ಮಾತ್ರ ಎಂದರು.

ಕಪ್ಪೆಯ ಬದಲು ಅವರು ತಮ್ಮ ನಾಲಿಗೆಯನ್ನೇ ಬಳಸಿದರು. ನಾಲಿಗೆಯ ಮೇಲೊಂದು ಲೋಹ, ಕೆಳಗೊಂದು ಲೋಹ ಇಟ್ಟು ಎರಡನ್ನೂ ಕೂಡಿಸಿದರೆ ಹುಳಿ ರುಚಿ. ಒಂದೊಂದು ಜೋಡಿಯನ್ನೂ ಹೀಗೆ ಪರೀಕ್ಷಿಸಿ, ನುಣುಪಾದ ಮಾಪಕಗಳಿಂದಲೂ ಅಳೆದು ಲೋಹಗಳನ್ನು ಸಾಲಾಗಿ ಇಟ್ಟರು. ಸಾಲಿನ ಒಂದು ತುದಿಗೆ ಸತು, ಆಮೇಲೆ ಸೀಸ, ತವರ, ಕಬ್ಬಿಣ, ತಾಮ್ರ, ಬೆಳ್ಳಿ, ಇನ್ನೊಂದು ತುದಿಯ ಕಡೆಗೆ ಗ್ರಾಫೈಟ್, ಅಂದರೆ ಇಂಗಾಲ. ಸಾಲಿನಲ್ಲಿ ದೂರವಿದ್ದಷ್ಟೂ ಜೋಡಿಯ ಬಲ ಹೆಚ್ಚು. ನನ್ನ ಮಟ್ಟಿಗೆ ವೋಲ್ಟಾರ ನಿಜವಾದ ಸಾಹಸ ಈ ಪಟ್ಟಿಯೇ, ಅದಿಲ್ಲದೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ.

ಗಾಲ್ವಾನಿ ಹೊಸ ಸರ್ಕಾರಕ್ಕೆ ನಿಷ್ಠೆಯ ಪ್ರಮಾಣ ಮಾಡಲೊಪ್ಪದೆ ಕೆಲಸ ಕಳೆದುಕೊಂಡು 1798ರ ಡಿಸೆಂಬರಿನಲ್ಲಿ ತೀರಿಕೊಂಡರು. ಜಗಳದ ತೀರ್ಪು ನೋಡಲು ಅವರಿರಲಿಲ್ಲ. 1799 ನಮ್ಮ ನಾಡಿಗೂ ಮರೆಯಲಾಗದ ವರ್ಷ. ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿಯ ಮಗ ಟಿಪ್ಪು ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದಲ್ಲಿ ಮಡಿದರು. ಅದೇ ವರ್ಷದ ಕೊನೆಗೆ ವೋಲ್ಟಾ ಬೆಳ್ಳಿಯ ಬಿಲ್ಲೆ, ಸತುವಿನ ಬಿಲ್ಲೆ, ನಡುವೆ ಉಪ್ಪುನೀರಲ್ಲಿ ನೆನೆಸಿದ ರಟ್ಟು, ಮತ್ತೆ ಬೆಳ್ಳಿ, ಮತ್ತೆ ಸತು, ಹೀಗೆ ಒಂದರ ಮೇಲೊಂದು ಪೇರಿಸಿದರು. ಎರಡೂ ತುದಿ ಮುಟ್ಟಿದರೆ ಕೈ ಜುಮ್ಮೆಂದಿತು, ಮತ್ತೆ ಮುಟ್ಟಿದರೂ ಅಷ್ಟೇ. ಅಲ್ಲಿಯವರೆಗಿನ ವಿದ್ಯುತ್ ಒಂದು ಕಿಡಿಗೆ ಮುಗಿಯುತ್ತಿತ್ತು, ಇದು ಹರಿಯುತ್ತಲೇ ಇತ್ತು. 1800ರ ಮಾರ್ಚ್ 20ರಂದು ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದರು. ಕೆಲವೇ ವಾರಗಳಲ್ಲಿ ನಿಕಲ್ಸನ್ ಮತ್ತು ಕಾರ್ಲೈಲ್ ಅಂಥದೇ ಕಂಬ ಕಟ್ಟಿ ನೀರನ್ನು ಒಡೆದರು.

ಆದರೆ ಒಂದು ವಿಷಯದಲ್ಲಿ ವೋಲ್ಟಾ ತಪ್ಪಿದರು. ಲೋಹಗಳು ತಾಗಿದರೆ ಸಾಕು, ವಿದ್ಯುತ್ ಹುಟ್ಟುತ್ತದೆ ಎಂದೇ ಕೊನೆಯವರೆಗೂ ನಂಬಿದ್ದರು. ಸತು ಸವೆಯುತ್ತಿದ್ದುದು ಕಣ್ಣಿಗೆ ಬಿದ್ದರೂ ಅದನ್ನು ಮುಖ್ಯವೆಂದು ಎಣಿಸಲಿಲ್ಲ. ಶಕ್ತಿ ಬರುತ್ತಿದ್ದುದು ಆ ಸವೆತದಿಂದಲೇ.

ನನ್ನ ದಾದಿಯ ಕಿವಿಯ ಮಷೀನಿಗೆ ಹಾಕುವ ಗುಂಡಿಯಂಥ ಸೆಲ್ಲಿನ ಮೇಲೆ ಒಂದು ಸ್ಟಿಕ್ಕರ್ ಇರುತ್ತದೆ. ಅದನ್ನು ಕಿತ್ತರೆ ಸಣ್ಣ ತೂತುಗಳಿಂದ ಗಾಳಿ ಒಳಗೆ ಹೋಗಿ ಸೆಲ್ ಜೀವ ತಳೆಯುತ್ತದೆ. ಒಳಗಿರುವುದು ಸತುವಿನ ಪುಡಿ, ಎದುರಿಗೆ ಇಂಗಾಲದ ಪದರ, ಅಂದರೆ ವೋಲ್ಟಾರ ಸಾಲಿನ ಎರಡು ತುದಿಗಳು. ಇಂಗಾಲದ ಮೇಲೆ ಗಾಳಿಯ ಆಮ್ಲಜನಕ ಎಲೆಕ್ಟ್ರಾನ್ ಪಡೆಯುತ್ತದೆ, ಸತು ಕಳೆದುಕೊಳ್ಳುತ್ತದೆ, ಸುಮಾರು 1.4 ವೋಲ್ಟ್ ಸಿಗುತ್ತದೆ. ಈ ಸೆಲ್ಲನ್ನು ಮರುಚಾರ್ಜ್ ಮಾಡುವುದೇ ಕಷ್ಟ. ಚಾರ್ಜ್ ಮಾಡುವಾಗ ಸತು ಸಮನಾಗಿ ಕೂರದೆ ಮುಳ್ಳಿನಂತೆ ಬೆಳೆದು ಎದುರು ಬದಿ ಮುಟ್ಟುತ್ತದೆ. ಗಾಳಿಯ ಬದಿಯಲ್ಲಿ ಆಮ್ಲಜನಕವನ್ನು ಹೀರಲೂ ಬೇಕು, ಬಿಡಲೂ ಬೇಕು. ಎರಡಕ್ಕೂ ಒದಗುವ ಪ್ಲಾಟಿನಂ, ಇರಿಡಿಯಂನಂಥ ಲೋಹಗಳು ದುಬಾರಿ. ಅದಕ್ಕೇ ಈಗ ಕಬ್ಬಿಣ, ಕೋಬಾಲ್ಟ್, ಸಾರಜನಕ ಬೆರೆಸಿದ ಇಂಗಾಲವನ್ನು ಬಟ್ಟೆಯಂಥ ಹಾಳೆಯ ಮೇಲೆ ಹಚ್ಚಿ, ನಡುವೆ ದ್ರವದ ಬದಲು ಜೆಲ್ ಇಟ್ಟು, ಮಣಿಕಟ್ಟಿಗೆ ಸುತ್ತಬಹುದಾದ ಸೆಲ್ ಮಾಡಲು ನೋಡುತ್ತಿದ್ದಾರೆ. ಉಪ್ಪುನೀರಿನ ರಟ್ಟಿನ ಜಾಗಕ್ಕೆ ಜೆಲ್ ಬಂದಿದೆ, ಅಷ್ಟೇ.

1801ರಲ್ಲಿ ಪ್ಯಾರಿಸಿನಲ್ಲಿ ನೆಪೋಲಿಯನ್ ಎದುರು ವೋಲ್ಟಾ ಪ್ರಯೋಗ ತೋರಿಸಿದರು. ಚಿನ್ನದ ಪದಕ, ಪಿಂಚಣಿ, ಕೌಂಟ್ ಬಿರುದು ಎಲ್ಲಾ ಬಂದವು. ಅವರು ಕೇಳಿದ್ದು ಮಾತ್ರ ನಿವೃತ್ತಿ, ಅದು ಬೇಗ ಸಿಗಲಿಲ್ಲ. ಐವತ್ತರ ಹತ್ತಿರ ಮದುವೆಯಾಗಿ ಮೂವರು ಗಂಡುಮಕ್ಕಳಾಗಿದ್ದರು. ಅವರಲ್ಲಿ ಫ್ಲಾಮಿನಿಯೊ 1814ರಲ್ಲಿ ತೀರಿಕೊಂಡ. 1819ರಲ್ಲಿ ಊರಿಗೆ ಮರಳಿ, 1827ರ ಮಾರ್ಚ್ 5ರಂದು ವೋಲ್ಟಾ ನಿಧನರಾದರು. 1881ರಲ್ಲಿ ವಿದ್ಯುತ್ ವಿಭವದ ಮಾನಕ್ಕೆ ಅವರ ಹೆಸರಿಟ್ಟರು.

ಅವರ ಕಂಬಕ್ಕೆ ನೂರು ವರ್ಷ ತುಂಬಿದಾಗ, 1899ರಲ್ಲಿ, ಕೋಮೊದಲ್ಲಿ ದೊಡ್ಡ ಪ್ರದರ್ಶನ ನಡೆಯಿತು. ಅದಕ್ಕೆ ಬೆಂಕಿ ಬಿದ್ದು ವೋಲ್ಟಾ ತಮ್ಮ ಕೈಯಾರೆ ಬಳಸಿದ್ದ ಉಪಕರಣಗಳಲ್ಲಿ ಹೆಚ್ಚಿನವು ಸುಟ್ಟುಹೋದವು. ಉಳಿದ ಕೆಲವು ಮತ್ತು ಮರುತಯಾರಿಸಿದವು ಇಂದು ಆ ಕೆರೆಯ ದಡದ ಸ್ಮಾರಕದಲ್ಲಿವೆ.